ಡಬ್ಬಿಯೊಳಗೊಂದು ಕಿಟಕಿ

ಈ ಕಡೆ ತಲೆ ಹಾಕದೆ ಬಹಳ ದಿನವಾಗಿತ್ತು. ಬರೆಯಲು ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಕಳೆದ ಸಲ ಊರಿಗೆ ಹೋಗಿದ್ದಾಗ ನಡೆದ ಒಂದು ಸಣ್ಣ ಸಂಗತಿ ಮತ್ತೆ ಕೀಲಿಮಣೆಯ ಮುಂದೆ ಕೂರಿಸಿದೆ. ಹೇಳಹೊರಟಿರುವುದು ಗಣಕದ ಇತಿಹಾಸವನ್ನು. ಆದರೆ ಅದು ಶುರುವಾಗುವುದು ನಮ್ಮ ಚಿಕ್ಕಪ್ಪನ ಮನೆಯ ಅಟ್ಟದಿಂದ.

ಚಿಕ್ಕಪ್ಪ ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದರು. ಲಗ್ನಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ, ವೈಕುಂಠ ಸಮಾರಾಧನೆಯ ಕಾಗದ, ಎಲ್ಲವೂ ಪೇಜ್‌ಮೇಕರಿನಲ್ಲಿ. ಬಿಡುವಿದ್ದಾಗ ಸುತ್ತಲಿನ ಹಳ್ಳಿಗಳ ಕೆರೆಗಳ ಬಗ್ಗೆ ಒಂದು ಪುಸ್ತಕ ಬರೆಯುತ್ತಿದ್ದರು. ಯಾರು ಕಟ್ಟಿಸಿದ್ದು, ತೂಬು ಎಲ್ಲಿತ್ತು, ಹೂಳು ತೆಗೆಯುವ ಸರದಿ ಯಾವ ಮನೆಯದು, ಇಂಥವು. ಅಚ್ಚಿಗೆ ಹೋಗಲಿಲ್ಲ. ಅವರು ತೀರಿಕೊಂಡು ಮೂರು ವರ್ಷವಾಯಿತು. ಈ ಸಲ ಚಿಕ್ಕಮ್ಮ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿ ಕೈಗಿಟ್ಟರು. ಒಳಗೆ ಹನ್ನೊಂದು ಸೀಡಿ, ಒಂದಷ್ಟು ಫ್ಲಾಪಿ. "ಇದರಲ್ಲಿ ಅವರ ಕೆರೆ ಪುಸ್ತಕ ಇರಬಹುದು, ನೋಡು ಮಾರಾಯ" ಎಂದರು.

ಇತ್ತು. ಒಂಬತ್ತನೇ ಸೀಡಿಯಲ್ಲಿ. ಆದರೆ ಪೇಜ್‌ಮೇಕರಿನ ಕಡತ ತೆರೆಯಲು ಪೇಜ್‌ಮೇಕರೇ ಬೇಕು. ಅದರ ಕೊನೆಯ ಆವೃತ್ತಿ, ಅಂದರೆ 7.0, ಬಂದದ್ದು 2001ರಲ್ಲಿ. ಅದರ ಉತ್ತರಾಧಿಕಾರಿ ಇನ್‌ಡಿಸೈನಿನ ಈಗಿನ ಆವೃತ್ತಿಗಳು ಆ ಕಡತಗಳನ್ನು ಮುಟ್ಟುವುದಿಲ್ಲ. ಪೇಜ್‌ಮೇಕರ್ ನೆಟ್ಟಗೆ ಓಡಬೇಕೆಂದರೆ ವಿಂಡೋಸ್ ಎಕ್ಸ್‌ಪಿ ಬೇಕು. ಚಿಕ್ಕಪ್ಪನ ಎಕ್ಸ್‌ಪಿ ಗಣಕವೋ, ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿ ಎಂದೋ ಕಣ್ಣು ಮುಚ್ಚಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್.

ವಿಷಯ ಕೇಳಿ ನನ್ನ ಅಕ್ಕನ ಮಗ (ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ) ನಕ್ಕುಬಿಟ್ಟ. "ಅಷ್ಟೇನಾ ಮಾಮ, ಡಾಕರ್ ಕಂಟೇನರ್‌ನಲ್ಲಿ ವಿಂಡೋಸ್ ಓಡಿಸಿದ್ರಾಯ್ತು" ಎಂದು ಎಂಟು ಸಾಲಿನ ಒಂದು ಪಠ್ಯ ಕಡತ ಕಳಿಸಿದ. ಚಿಕ್ಕಪ್ಪನದೇ ಎಕ್ಸ್‌ಪಿ ಸೀಡಿ, ಅವರ ಗಣಕದ ಮೈಮೇಲೆ ಅಂಟಿಸಿದ್ದ ಚೀಟಿಯ ಸಂಖ್ಯೆ, ಎರಡೂ ಇದ್ದವು. ಕೊಟ್ಟೆ. ಒಂದು ಆಜ್ಞೆ. ಸ್ವಲ್ಪ ಹೊತ್ತಿನಲ್ಲಿ ನನ್ನ ಫೈರ್‌ಫಾಕ್ಸಿನ ಒಂದು ಟ್ಯಾಬಿನೊಳಗೆ ಆ ಹಸಿರು ದಿಬ್ಬ, ನೀಲಿ ಆಕಾಶ! ಅದನ್ನು ಎಷ್ಟು ವರ್ಷ ದಿನವೂ ನೋಡಿದ್ದೆವಲ್ಲ.

ಖುಷಿಯಾಯಿತು. ಜೊತೆಗೆ ಒಂದು ಅನುಮಾನವೂ ಬಂತು. ಕಂಟೇನರ್ ಎಂದರೆ ಏನೆಂದು ನಾನು ತಿಳಿದುಕೊಂಡಿದ್ದೆನೋ ಆ ಪ್ರಕಾರ ಇದು ಆಗಕೂಡದ ಕೆಲಸ. ಲಿನಕ್ಸಿನ ಕಂಟೇನರಿನೊಳಗೆ ವಿಂಡೋಸ್ ಬಂದು ಕೂತದ್ದು ಹೇಗೆ? ಅದನ್ನು ಕೆದಕುತ್ತಾ ಹೋದದ್ದೇ ಈ ಬರಹ.

ಮೊದಲು ಒಂದು ಹೋಲಿಕೆ. ಹಳೇ ಮೈಸೂರಿನ, ಬೆಂಗಳೂರಿನ ವಠಾರಗಳು ನಿಮಗೆ ಗೊತ್ತು. ಸಾಲಾಗಿ ಆರೇಳು ಮನೆ, ನಡುವೆ ಒಂದು ಬಾವಿ. ಪ್ರತಿ ಮನೆಗೂ ತನ್ನದೇ ಬಾಗಿಲು, ತನ್ನದೇ ಒಲೆ. ನೀರು ಮಾತ್ರ ಎಲ್ಲರಿಗೂ ಅದೇ ಬಾವಿಯದು. ಕಂಟೇನರ್ ಎಂದರೆ ವಠಾರದ ಮನೆ. ಬಾವಿ ಎಂದರೆ ಕರ್ನೆಲ್, ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಮೆಮೊರಿ ಬೇಕು, ಡಿಸ್ಕಿಗೆ ಬರೆಯಬೇಕು, ಪರದೆಯ ಮೇಲೆ ಚುಕ್ಕಿ ಇಡಬೇಕು ಎಂದರೆ ಎಲ್ಲ ತಂತ್ರಾಂಶಗಳೂ ಅಲ್ಲೇ ಕೊಡ ಹಿಡಿದು ನಿಲ್ಲಬೇಕು. ವರ್ಚುವಲ್ ಮಶೀನ್ ಎಂದರೆ ಸ್ವಂತ ಬಾವಿಯಿರುವ ಒಂಟಿ ಮನೆ. ಅದರೊಳಗೆ ಬೇರೆಯೇ ಕರ್ನೆಲ್ ಇರುತ್ತದೆ, ತಾನು ನಿಜವಾದ ಯಂತ್ರದ ಮೇಲೆ ಕೂತಿದ್ದೇನೆಂದು ಅದು ನಂಬಿರುತ್ತದೆ.

ವಿಂಡೋಸ್ ತಂತ್ರಾಂಶಗಳಿಗೆ ಲಿನಕ್ಸ್ ಬಾವಿಯ ನೀರು ಒಗ್ಗುವುದಿಲ್ಲ. ಹಾಗಾಗಿ ವಿಂಡೋಸನ್ನು ಲಿನಕ್ಸಿನ ವಠಾರಕ್ಕೆ ಬಾಡಿಗೆಗೆ ತರಲು ಆಗಬಾರದು. ಆದರೂ ಬಂದಿದೆ. ಗುಟ್ಟು ತಿಳಿಯಲು ಎರಡು ಬೇರೆ ಬೇರೆ ಕಥೆಗಳನ್ನು ಹೇಳಬೇಕಾಗುತ್ತದೆ.

ಮೊದಲು ಹುಟ್ಟಿದ್ದು ಒಂಟಿ ಮನೆ. 1960ರ ದಶಕದಲ್ಲಿ ಗಣಕವೆಂದರೆ ಒಂದು ಕೋಣೆ ತುಂಬುವ, ಕೋಟಿ ಬೆಲೆಯ ಸಾಮಾನು. ಹತ್ತು ಜನ ಒಟ್ಟಿಗೆ ಬಳಸುವುದು ಹೇಗೆ ಎನ್ನುವುದೇ ದೊಡ್ಡ ತಲೆನೋವು. ಅಮೆರಿಕದ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿದ್ದ ಐಬಿಎಂನ ವೈಜ್ಞಾನಿಕ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ, ಲೆಸ್ ಕೋಮೋ ಮುಂತಾದವರು ಇದಕ್ಕೊಂದು ವಿಚಿತ್ರ ಉಪಾಯ ಹೂಡಿದರು. ಹತ್ತು ಜನರಿಗೆ ಒಂದೇ ವ್ಯವಸ್ಥೆಯನ್ನು ಹಂಚುವ ಬದಲು ಒಬ್ಬೊಬ್ಬರಿಗೂ ಒಂದೊಂದು ಇಡೀ ಯಂತ್ರ ಸಿಕ್ಕಿದೆ ಎಂಬ ಭ್ರಮೆ ಹುಟ್ಟಿಸಿದರೆ? ಆ ಭ್ರಮೆಯ ಹೆಸರು ಸಿಪಿ-40. 1967ರ ಆರಂಭದಲ್ಲಿ ಅದು ದಿನನಿತ್ಯದ ಬಳಕೆಗೆ ಬಂತು. ಪ್ರತಿ ಭ್ರಮಾಯಂತ್ರದೊಳಗೂ ಒಬ್ಬನೇ ಬಳಕೆದಾರನಿಗೆಂದು ಬರೆದ ಸಿಎಂಎಸ್ ಎಂಬ ಪುಟ್ಟ ವ್ಯವಸ್ಥೆ. ನನ್ನ ಕೇಳಿದರೆ ಮೊದಲ 'ಪರ್ಸನಲ್ ಕಂಪ್ಯೂಟರ್' ಇದೇ. ಭೌತಿಕವಾಗಿ ಇರಲಿಲ್ಲ ಅನ್ನುವುದೊಂದೇ ಕೊರತೆ :-)

ಐದು ವರ್ಷ ಕಳೆದು 1972ರಲ್ಲಿ ಐಬಿಎಂ ಇದನ್ನು ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅದರ ವಂಶದ ಕುಡಿ ಇಂದಿಗೂ ಮೇನ್‌ಫ್ರೇಮುಗಳಲ್ಲಿ ಬದುಕಿದೆ. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಒಂದು ಪ್ರಬಂಧ ಬರೆದು, ಯಾವ ಯಂತ್ರದ ಮೇಲೆ ಇಂಥ ಭ್ರಮೆ ಸಾಧ್ಯ ಎಂಬುದಕ್ಕೆ ಲಕ್ಷಣ ಹೇಳಿದರು. ಸರಳವಾಗಿ ಹೀಗೆ: ಒಳಗಿರುವ ವ್ಯವಸ್ಥೆ ತನ್ನ ಮಿತಿ ಮೀರಿದ ಆಜ್ಞೆ ಕೊಟ್ಟಾಗಲೆಲ್ಲ ಮೇಲಿರುವ ಯಜಮಾನನಿಗೆ ಅದು ಗೊತ್ತಾಗಬೇಕು. ಆಗ ಯಜಮಾನ ಆ ಆಜ್ಞೆಯನ್ನು ತಾನು ನಡೆಸಿದಂತೆ ನಟಿಸಿ ಉತ್ತರ ಕೊಡುತ್ತಾನೆ.

ನಮ್ಮ ನಿಮ್ಮ ಮೇಜಿನ ಮೇಲಿದ್ದ ಇಂಟೆಲ್ ಗಣಕಗಳು ಈ ಪರೀಕ್ಷೆಯಲ್ಲಿ ನಪಾಸು. ಪೆಂಟಿಯಂನಲ್ಲಿ ಇಂಥ 17 ಆಜ್ಞೆಗಳು ತಪ್ಪಿಸಿಕೊಳ್ಳುತ್ತವೆ ಎಂದು 2000ದಲ್ಲಿ ಒಂದು ಸಂಶೋಧನೆ ಎಣಿಸಿ ತೋರಿಸಿತು. ಉದಾಹರಣೆಗೆ, ಅಧಿಕಾರವಿಲ್ಲದ ತಂತ್ರಾಂಶವೊಂದು 'ಅಡಚಣೆಗಳನ್ನು ನಿಲ್ಲಿಸು' ಎಂಬರ್ಥದ ಒಂದು ಆಜ್ಞೆ ಕೊಟ್ಟರೆ ಪ್ರೊಸೆಸರ್ ಬೈಯುವುದೂ ಇಲ್ಲ, ಮಾಡುವುದೂ ಇಲ್ಲ, ಯಾರಿಗೂ ಹೇಳುವುದೂ ಇಲ್ಲ. ಸುಮ್ಮನೆ ಕೇಳಿಸಿಕೊಳ್ಳದಂತೆ ಇದ್ದುಬಿಡುತ್ತದೆ. ನಮ್ಮ ಕೆಲವು ಸರ್ಕಾರಿ ಕಚೇರಿಗಳಿಗೆ ಅರ್ಜಿ ಕೊಟ್ಟ ಹಾಗೆ. ಯಜಮಾನನಿಗೆ ಗೊತ್ತಾಗದೆ ಹೋದರೆ ಭ್ರಮೆ ಹರಿದುಹೋಗುತ್ತದೆ.

ಈ ಗಂಟು ಬಿಚ್ಚಿದವರು ಸ್ಟ್ಯಾನ್‌ಫರ್ಡಿನ ಮೆಂಡೆಲ್ ರೋಸನ್‌ಬ್ಲಮ್ ಮತ್ತು ಅವರ ವಿದ್ಯಾರ್ಥಿಗಳು. 1997ರಲ್ಲಿ ಬೇರೊಂದು ಬಗೆಯ ಪ್ರೊಸೆಸರಿನ ಮೇಲೆ 'ಡಿಸ್ಕೋ' ಎಂಬ ಪ್ರಯೋಗ ಮಾಡಿ, 1998ರಲ್ಲಿ ಡಯೇನ್ ಗ್ರೀನ್ ಮುಂತಾದವರೊಂದಿಗೆ ಸೇರಿ ವಿಎಂವೇರ್ ಕಂಪನಿ ಕಟ್ಟಿದರು. 1999ರಲ್ಲಿ ಅವರ ವರ್ಕ್‌ಸ್ಟೇಶನ್ ತಂತ್ರಾಂಶ ಬಂತು. ಒಳಗಿನ ಕರ್ನೆಲ್ಲಿನ ಆಜ್ಞೆಗಳನ್ನು ಓಡುವ ಮುಂಚೆಯೇ ಓದಿ, ತುಂಟ ಆಜ್ಞೆಗಳನ್ನು ಸಾಧು ಆಜ್ಞೆಗಳಾಗಿ ಅಲ್ಲಲ್ಲೇ ಅನುವಾದಿಸುವುದು ಅದರ ಜಾಣತನ. ಲಿನಕ್ಸಿನ ಮೇಜಿನ ಮೇಲೆ ವಿಂಡೋಸ್, ವಿಂಡೋಸಿನ ಮೇಲೆ ಲಿನಕ್ಸ್. ಆ ಕಾಲದಲ್ಲಿ ಇದನ್ನು ಕಣ್ಣಾರೆ ಕಂಡವರಿಗೆ ಆದದ್ದು ಅಚ್ಚರಿಯಲ್ಲ, ಹೆಚ್ಚುಕಡಿಮೆ ಭಯ. ಕೊನೆಗೆ ಇಂಟೆಲ್ 2005ರ ನವೆಂಬರಿನಲ್ಲಿ, ಎಎಂಡಿ 2006ರಲ್ಲಿ ಪ್ರೊಸೆಸರಿನೊಳಗೇ ಇದಕ್ಕೆ ಬೇಕಾದ ವ್ಯವಸ್ಥೆ ಇಟ್ಟು ಆ ಹಳೇ ದೋಷಕ್ಕೆ ಮದ್ದು ಮಾಡಿದವು.

ಇನ್ನು ವಠಾರದ ಕಥೆ. ಇದು ಇಷ್ಟು ರೋಚಕವಲ್ಲ, ಆದರೆ ನನಗೆ ಇದೇ ಹೆಚ್ಚು ಇಷ್ಟ. 1979ರ ಏಳನೇ ಆವೃತ್ತಿಯ ಯುನಿಕ್ಸಿನಲ್ಲಿ 'ಸಿಎಚ್-ರೂಟ್' ಎಂಬ ಒಂದು ಕರೆ ಬಂತು. ಒಂದು ತಂತ್ರಾಂಶಕ್ಕೆ 'ನಿನ್ನ ಪಾಲಿಗೆ ಇಡೀ ಡಿಸ್ಕ್ ಎಂದರೆ ಈ ಫೋಲ್ಡರ್ ಅಷ್ಟೆ' ಎಂದು ಹೇಳುವುದು ಅದರ ಕೆಲಸ. ಬಾವಿಯ ಕಪ್ಪೆಗೆ ಬಾವಿಯೇ ಲೋಕ. ಆದರೆ ಕಪ್ಪೆಗೆ ಅಧಿಕಾರ ಇದ್ದರೆ ಹಾರಿ ಹೊರಬರುತ್ತಿತ್ತು. ಅದನ್ನು ಮಾಡಿದ್ದು ಬೇಲಿಯಾಗಿ ಅಲ್ಲ, ಅನುಕೂಲಕ್ಕಾಗಿ.

ಬೇಲಿ ಹಾಕಬೇಕಾದ ಕಾಲ ಬಂದದ್ದು ಅಂತರ್ಜಾಲದ ದೆಸೆಯಿಂದ. ಒಂದೇ ಸರ್ವರಿನಲ್ಲಿ ನೂರಾರು ಗಿರಾಕಿಗಳ ಪುಟಗಳನ್ನು ಇಡುವ ಹೋಸ್ಟಿಂಗ್ ಕಂಪನಿಗಳಿಗೆ ಒಬ್ಬ ಗಿರಾಕಿ ಇನ್ನೊಬ್ಬನ ಮನೆಗೆ ಇಣುಕದಂತೆ ನೋಡಿಕೊಳ್ಳಬೇಕಿತ್ತು. ಅಂಥದೊಂದು ಕಂಪನಿಯ ಬೇಡಿಕೆಯ ಮೇಲೆ ಡೆನ್ಮಾರ್ಕಿನ ಪೌಲ್-ಹೆನಿಂಗ್ ಕ್ಯಾಂಪ್ 'ಜೈಲ್' ಬರೆದರು, 2000ದ ಮಾರ್ಚಿನಲ್ಲಿ ಬಂದ ಫ್ರೀಬಿಎಸ್‌ಡಿ 4.0ರಲ್ಲಿ ಅದು ಸೇರಿತು. ಸನ್ ಕಂಪನಿ 2005ರ ಸೋಲಾರಿಸ್ 10ರಲ್ಲಿ ಇದನ್ನೇ ಇನ್ನಷ್ಟು ಅಚ್ಚುಕಟ್ಟಾಗಿ 'ಝೋನ್' ಎಂದು ತಂದಿತು.

ಲಿನಕ್ಸಿಗೆ ಇದು ಬಂದದ್ದು ತುಂಡು ತುಂಡಾಗಿ. 2002ರಿಂದ ಒಂದೊಂದೇ 'ನೇಮ್‌ಸ್ಪೇಸ್' ಸೇರುತ್ತಾ ಹೋಯಿತು. ಅಂದರೆ ಯಾರು ಏನನ್ನು ನೋಡಬಹುದು ಎಂಬ ಗೋಡೆಗಳು. 2006ರಲ್ಲಿ ಗೂಗಲ್‌ನ ಎಂಜಿನಿಯರುಗಳು ಇನ್ನೊಂದು ಕೆಲಸ ಶುರುಮಾಡಿದರು: ಯಾರು ಎಷ್ಟು ಬಳಸಬಹುದು ಎಂಬ ಲೆಕ್ಕ. ಒಂದು ಮನೆಯವರು ಬಾವಿಯನ್ನೇ ಬತ್ತಿಸಿಬಿಟ್ಟರೆ ಉಳಿದವರ ಗತಿ? ಇದೇ ಮುಂದೆ 'ಸಿಗ್ರೂಪ್ಸ್' ಎಂಬ ಹೆಸರಿನಲ್ಲಿ 2008ರ ಜನವರಿಯ 2.6.24 ಕರ್ನೆಲ್ಲಿಗೆ ಸೇರಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಈ ಕಥೆ ಇಲ್ಲಿ ಬೆಂಗಳೂರಿಗೂ ಬರುತ್ತದೆ. ಸಿಗ್ರೂಪ್ಸ್ ಬರೀ ಚೌಕಟ್ಟು. ಅದರೊಳಗೆ ಮೆಮೊರಿಯನ್ನು ಅಳೆದು ಕೊಡುವ ಭಾಗವನ್ನು ಬರೆದವರು ಐಬಿಎಂನ ಬಲಬೀರ್ ಸಿಂಗ್. ಪ್ರೊಸೆಸರಿನ ಸಮಯವನ್ನು ಗುಂಪುಗಳ ನಡುವೆ ನ್ಯಾಯವಾಗಿ ಹಂಚುವ ಕೆಲಸದಲ್ಲಿ ಮುಖ್ಯ ಪಾಲು ಅದೇ ಕಂಪನಿಯ ಶ್ರೀವತ್ಸ ವಡ್ಡಗಿರಿಯವರದು. ಇಬ್ಬರೂ ಆಗ ಐಬಿಎಂನ ಬೆಂಗಳೂರು ಕೇಂದ್ರದಿಂದ ಕೆಲಸ ಮಾಡುತ್ತಿದ್ದವರು. ಕರ್ನೆಲ್ಲಿನ ಆ ಮೆಮೊರಿ ಕಡತವನ್ನು ತೆರೆದರೆ ಮೊದಲ ಸಾಲುಗಳಲ್ಲೇ ಐಬಿಎಂ, 2007, ಬಲಬೀರ್ ಸಿಂಗ್ ಎಂದಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂದರೆ ಕಾಲ್ ಸೆಂಟರ್, ಹೊರಗುತ್ತಿಗೆ ಎಂದು ಎಲ್ಲರೂ ಬರೆಯುತ್ತಿದ್ದ ದಿನಗಳು ಅವು. ನಾವೂ ಬರೆದಿದ್ದೇವೆ. ಅದೇ ಊರಿನ ಯಾವುದೋ ಮೇಜಿನ ಮೇಲೆ ಹೀಗೊಂದು ಕೆಲಸ ನಡೆಯುತ್ತಿತ್ತು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಇವತ್ತು ಜಗತ್ತಿನಲ್ಲಿ ಎಲ್ಲೇ ಲಿನಕ್ಸ್ ಕಂಟೇನರಿಗೆ 'ಇಷ್ಟೇ ಮೆಮೊರಿ' ಎಂದು ಮಿತಿ ಹಾಕಿದರೂ ಅದು ಆ ಕಡತದ ಮೂಲಕವೇ ಹೋಗುತ್ತದೆ.

ಗೋಡೆ ಇತ್ತು, ಅಳತೆ ಇತ್ತು. ಎಲ್ಎಕ್ಸ್‌ಸಿ ಎಂಬ ಸಲಕರಣೆ 2008ರಲ್ಲೇ ಇವೆರಡನ್ನೂ ಜೋಡಿಸಿ ಕೊಟ್ಟಿತ್ತು. ಆದರೂ ಜನ ಮುಗಿಬೀಳಲಿಲ್ಲ. ಮುಗಿಬಿದ್ದದ್ದು 2013ರ ಮಾರ್ಚಿನಲ್ಲಿ ಸಾಲೊಮನ್ ಹೈಕ್ಸ್ ಎಂಬ ತರುಣ ಒಂದು ಪೈಥಾನ್ ಸಮ್ಮೇಳನದಲ್ಲಿ ಐದು ನಿಮಿಷ ಮಾತಾಡಿ ಡಾಕರ್ ತೋರಿಸಿದ ಮೇಲೆ. ಡಾಕರಿನಲ್ಲಿ ಹೊಸ ಗೋಡೆಯೇನೂ ಇರಲಿಲ್ಲ. ಇದ್ದದ್ದು ಬುತ್ತಿ ಕಟ್ಟುವ ವಿದ್ಯೆ. ಏನೇನು ಬೇಕು, ಯಾವ ಕ್ರಮದಲ್ಲಿ ಎಂದು ನಾಲ್ಕು ಸಾಲು ಬರೆದಿಟ್ಟರೆ ಯಾರ ಗಣಕದಲ್ಲಾದರೂ ಅದೇ ಅಡುಗೆ, ಅದೇ ರುಚಿ. 'ನನ್ನ ಗಣಕದಲ್ಲಿ ಓಡುತ್ತಿತ್ತಲ್ಲ' ಎನ್ನುವ ನೆಪಕ್ಕೆ ಜಾಗವಿಲ್ಲ.

ಈ ಎರಡೂ ಕಥೆಗಳು ಕೂಡಿದ್ದು ಎಲ್ಲಿ? ನಾನು ಹುಡುಕುತ್ತಿದ್ದ ಗುಟ್ಟು ಅಲ್ಲಿತ್ತು.

2006ರ ಅಕ್ಟೋಬರಿನಲ್ಲಿ ಇಸ್ರೇಲಿನ ಕ್ಯುಮ್ರಾನೆಟ್ ಎಂಬ ಕಂಪನಿಯ ಆವಿ ಕಿವಿಟಿ ಲಿನಕ್ಸಿಗೊಂದು ಹೊಸ ಭಾಗ ಬರೆದು ಕಳಿಸಿದರು. ಹೆಸರು ಕೆವಿಎಂ. ನಾಲ್ಕೇ ತಿಂಗಳಲ್ಲಿ, 2007ರ ಫೆಬ್ರವರಿಯ 2.6.20 ಆವೃತ್ತಿಯಲ್ಲಿ, ಅದು ಕರ್ನೆಲ್ಲಿನೊಳಗೆ ಸೇರಿಹೋಯಿತು. ಕರ್ನೆಲ್ ಲೋಕದ ಲೆಕ್ಕದಲ್ಲಿ ಇದು ಶರವೇಗ. ಆವರೆಗಿನ ಹಲವು ವರ್ಚುವಲ್ ಮಶೀನ್ ತಂತ್ರಾಂಶಗಳು ಲಿನಕ್ಸಿನ ಕೆಳಗೋ ಪಕ್ಕದಲ್ಲೋ ತಮ್ಮದೇ ಯಜಮಾನನನ್ನು ಕೂರಿಸುತ್ತಿದ್ದವು. ಕಿವಿಟಿ ಹೇಳಿದ್ದು, ಯಜಮಾನ ಬೇರೆ ಯಾಕೆ ಬೇಕು, ಲಿನಕ್ಸೇ ಯಜಮಾನ. ಪ್ರೊಸೆಸರಿನ ಹೊಸ ಸೌಲಭ್ಯವನ್ನು ಒಂದು ಸಾಧನದಂತೆ ತೆರೆದಿಟ್ಟರು. ಉಳಿದ ಕೆಲಸ, ಅಂದರೆ ಸುಳ್ಳು ಡಿಸ್ಕ್, ಸುಳ್ಳು ಪರದೆ, ಸುಳ್ಳು ಕೀಲಿಮಣೆ, ಇವನ್ನು ಫ್ರೆಂಚ್ ತಜ್ಞ ಫಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದಿದ್ದ 'ಕ್ಯೂಎಮು'ವಿಗೆ ಒಪ್ಪಿಸಿದರು.

ಇದರ ಪರಿಣಾಮ ಮೇಲ್ನೋಟಕ್ಕೆ ಚಿಕ್ಕದು. ಇಡೀ ಒಂದು ಗಣಕ, ಅದರೊಳಗಿನ ವಿಂಡೋಸ್ ಸಮೇತ, ಲಿನಕ್ಸಿನ ಕಣ್ಣಿಗೆ ಒಂದು ಮಾಮೂಲಿ ಪ್ರೋಸೆಸ್ ಆಗಿಬಿಟ್ಟಿತು. ಫೈರ್‌ಫಾಕ್ಸ್ ಹೇಗೋ ಹಾಗೆ. ಅದಕ್ಕೊಂದು ಸಂಖ್ಯೆ ಇರುತ್ತದೆ, ಬೇಡವಾದರೆ ಕೊಲ್ಲಬಹುದು. ಕಂಟೇನರ್ ಕಟ್ಟಿಹಾಕುವುದು ಏನನ್ನು? ಪ್ರೋಸೆಸುಗಳನ್ನು! ಹನ್ನೊಂದು ತಿಂಗಳ ಅಂತರದಲ್ಲಿ ಒಂದೇ ಕರ್ನೆಲ್ಲಿಗೆ ಒಂದು ಕಡೆಯಿಂದ ಯಂತ್ರವನ್ನು ಪ್ರೋಸೆಸ್ ಮಾಡುವ ವಿದ್ಯೆಯೂ, ಇನ್ನೊಂದು ಕಡೆಯಿಂದ ಪ್ರೋಸೆಸುಗಳ ಗುಂಪಿಗೆ ಮಿತಿ ಹಾಕುವ ವಿದ್ಯೆಯೂ ಬಂದು ಸೇರಿದವು. ಇವೆರಡನ್ನೂ ಬರೆದವರು ಒಬ್ಬರಿಗೊಬ್ಬರು ಹೇಳಿ ಮಾಡಿದ್ದಲ್ಲ.

ಹಾಗಾದರೆ ಅಕ್ಕನ ಮಗ ಕಳಿಸಿದ ಆ ಎಂಟು ಸಾಲು ಮಾಡಿದ್ದು ಇಷ್ಟು. ವಠಾರದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿಯಿತು. ಅದರೊಳಗೆ ಕ್ಯೂಎಮು ಕೂತಿತು, ಅದೇನೋ ವಠಾರದ ಬಾವಿಯ ನೀರನ್ನೇ ಕುಡಿಯುತ್ತದೆ. ಕೆವಿಎಂ ಎಂಬ ಸಾಧನವನ್ನು ಬಳಸಲು ವಠಾರದ ಯಜಮಾನನ ಹತ್ತಿರ ಒಂದು ವಿಶೇಷ ಅನುಮತಿ ಪಡೆಯಿತು. ಆಮೇಲೆ ಕ್ಯೂಎಮು ಆ ಮನೆಯ ನಡುಕೋಣೆಯಲ್ಲಿ ಹೊಸದೊಂದು ಬಾವಿ ತೋಡಿ, ಅದರ ಪಕ್ಕ ಎಕ್ಸ್‌ಪಿಯನ್ನು ಕೂರಿಸಿತು. ಕಂಟೇನರಿನಲ್ಲಿ ಓಡುತ್ತಿರುವುದು ವಿಂಡೋಸ್ ಎನ್ನುವುದು ಅರ್ಧ ಸತ್ಯ. ಅಲ್ಲಿ ಓಡುತ್ತಿರುವುದು ಒಂದು ಯಂತ್ರ, ಆ ಯಂತ್ರದಲ್ಲಿ ಓಡುತ್ತಿರುವುದು ವಿಂಡೋಸ್.

ಇದನ್ನು ದೊಡ್ಡವರು ಮೊದಲೇ ಮಾಡುತ್ತಿದ್ದರು. ತನ್ನ ಕಂಪ್ಯೂಟ್ ಎಂಜಿನ್ನಿನ ವರ್ಚುವಲ್ ಮಶೀನುಗಳನ್ನೂ ಕಂಟೇನರುಗಳ ಒಳಗೇ ಓಡಿಸುವುದಾಗಿ ಗೂಗಲ್ 2014ರಲ್ಲಿ ಹೇಳಿಕೊಂಡಿತ್ತು. 2015ರಲ್ಲಿ ರಾಂಚರ್ ಎಂಬ ಕಂಪನಿ ಕೆವಿಎಂ ಯಂತ್ರಗಳನ್ನು ಡಾಕರ್ ಬುತ್ತಿಯಾಗಿ ಕಟ್ಟಿ ತೋರಿಸಿತು. 2020ರಲ್ಲಿ ಮ್ಯಾಕ್ ಓಎಸ್ಸನ್ನು ಡಾಕರಿನಲ್ಲಿ ಓಡಿಸುವ ಯೋಜನೆ ಬಂತು. 2024ರಲ್ಲಿ ವಿಂಡೋಸಿನದು ಜನರ ಬಾಯಿಗೆ ಬಿತ್ತು. (ಡಬ್ಬಿಯ ಜೊತೆ ಪರವಾನಗಿ ಬರುವುದಿಲ್ಲ, ನೆನಪಿರಲಿ. ವಿಂಡೋಸಿಗೆ ಅದರದ್ದೇ ಕೀಲಿ ಬೇಕು. ಆ್ಯಪಲ್ಲಿನ ಕರಾರಿನ ಪ್ರಕಾರ ಮ್ಯಾಕ್ ಓಎಸ್ ಓಡಬೇಕಾದದ್ದು ಆ್ಯಪಲ್ ಗಣಕದ ಮೇಲೆಯೇ.)

ಬಾವಿ ಒಂದೇ ಆಗಿದ್ದರೆ ಈ ಸರ್ಕಸ್ಸೇ ಬೇಡ ಎನ್ನುವುದಕ್ಕೂ ಸಾಕ್ಷಿ ಇದೆ. ನಮ್ಮ ಕೈಯಲ್ಲಿರುವ ಆ್ಯಂಡ್ರಾಯ್ಡ್ ಕೂತಿರುವುದು ಲಿನಕ್ಸ್ ಕರ್ನೆಲ್ಲಿನ ಮೇಲೆ. ಹಾಗಾಗಿ 2017ರ ಆ್ಯನ್‌ಬಾಕ್ಸ್, 2021ರ ವೇಡ್ರಾಯ್ಡ್ ಇವು ಆ್ಯಂಡ್ರಾಯ್ಡನ್ನು ನಿಜವಾದ ಕಂಟೇನರಿನಲ್ಲೇ, ನಡುವೆ ಸುಳ್ಳು ಯಂತ್ರವಿಲ್ಲದೆ, ಲಿನಕ್ಸ್ ಮೇಜಿನ ಮೇಲೆ ತಂದು ಕೂರಿಸುತ್ತವೆ. ಮೈಕ್ರೋಸಾಫ್ಟ್ ತಿರುಗುಮುರುಗಾದ ಪ್ರಯತ್ನ ಮಾಡಿತು. 2016ರಲ್ಲಿ ವಿಂಡೋಸಿನೊಳಗೆ ಲಿನಕ್ಸ್ ತಂತ್ರಾಂಶಗಳನ್ನು ಓಡಿಸಲು, ಲಿನಕ್ಸ್ ಕರ್ನೆಲ್ ಇಲ್ಲದೆಯೇ, ಅವುಗಳ ಕರೆಗಳನ್ನು ವಿಂಡೋಸ್ ಕರೆಗಳಾಗಿ ಅನುವಾದಿಸುವ ಪದರವೊಂದನ್ನು ಕಟ್ಟಿತು. ಸೊಗಸಾದ ಕೆಲಸವೇ. ಆದರೆ ಅನುವಾದದಲ್ಲಿ ಎಲ್ಲವೂ ಬರಲಿಲ್ಲ, ಕಡತಗಳ ಕೆಲಸ ನಿಧಾನವಾಯಿತು. 2019ರಲ್ಲಿ ಪ್ರಕಟಿಸಿದ ಎರಡನೇ ಆವೃತ್ತಿಯಲ್ಲಿ ಸೋಲೊಪ್ಪಿಕೊಂಡು, ಸಣ್ಣದೊಂದು ವರ್ಚುವಲ್ ಮಶೀನಿನೊಳಗೆ ಅಸಲಿ ಲಿನಕ್ಸ್ ಕರ್ನೆಲ್ಲನ್ನೇ ಇಟ್ಟಿತು. ಇನ್ನೂ ಒಂದು ತಮಾಷೆ: ವಿಂಡೋಸ್ ಅಥವಾ ಮ್ಯಾಕ್ ಗಣಕದಲ್ಲಿ ಲಿನಕ್ಸ್ ಕಂಟೇನರುಗಳಿಗಾಗಿ ಡಾಕರ್ ಡೆಸ್ಕ್‌ಟಾಪ್ ಹಾಕಿಕೊಂಡವರು ತಿಳಿಯದೆಯೇ ಒಂದು ಲಿನಕ್ಸ್ ವರ್ಚುವಲ್ ಮಶೀನನ್ನು ಸಾಕುತ್ತಿರುತ್ತಾರೆ.

ಅಕ್ಕನ ಮಗನಿಗೆ ನಾನು ಕೇಳಿದ ಪ್ರಶ್ನೆ ನೀವೂ ಕೇಳಬಹುದು. ಇಷ್ಟಕ್ಕೆ ವರ್ಚುವಲ್ ಬಾಕ್ಸ್ ಸಾಕಿತ್ತಲ್ಲ, 2007ರಿಂದ ಪುಕ್ಕಟೆ ಸಿಗುತ್ತಿದೆ? ಸಾಕಿತ್ತು. ವಿಂಡೋಸ್ 7ರ ಕಾಲದಲ್ಲಿ, 2009ರಲ್ಲಿ, ಮೈಕ್ರೋಸಾಫ್ಟೇ 'ಎಕ್ಸ್‌ಪಿ ಮೋಡ್' ಎಂದು ಸುಳ್ಳು ಯಂತ್ರದೊಳಗೆ ಎಕ್ಸ್‌ಪಿ ಇಟ್ಟು ಕೊಟ್ಟಿತ್ತು, ಹಳೇ ತಂತ್ರಾಂಶ ಬಿಡಲಾರದ ಕಚೇರಿಗಳಿಗೆ. ಕಂಟೇನರ್ ಇಲ್ಲಿ ಸೇರಿಸಿದ್ದು ಭದ್ರತೆಯನ್ನೂ ಅಲ್ಲ, ವೇಗವನ್ನೂ ಅಲ್ಲ. ಅದು ಸೇರಿಸಿದ್ದು ಆ ಎಂಟು ಸಾಲಿನ ಚೀಟಿಯನ್ನು. ವರ್ಚುವಲ್ ಬಾಕ್ಸಿನಲ್ಲಿ ನಾನು ಎಲ್ಲೆಲ್ಲಿ ಏನು ಒತ್ತಿದೆ, ಯಾವ ಡಿಸ್ಕ್ ಆರಿಸಿದೆ ಎನ್ನುವುದು ಮಾಮೂಲಿಯಾಗಿ ನನ್ನ ತಲೆಯಲ್ಲಿ ಉಳಿಯುತ್ತದೆ, ಆರು ತಿಂಗಳಲ್ಲಿ ಮರೆಯುತ್ತದೆ. ಚೀಟಿಯನ್ನು ಇನ್ನೊಬ್ಬರು ಓದಬಹುದು, ಮತ್ತೆ ಕಟ್ಟಬಹುದು. ಚಿಕ್ಕಪ್ಪನ ಗಣಕ ಸತ್ತಾಗ ಅದರ ಜೊತೆಗೆ ಸತ್ತದ್ದು ಇಂಥದೇ ಒಂದು ಚೀಟಿ, ಅದು ಅವರ ತಲೆಯಲ್ಲಿ ಮಾತ್ರ ಇತ್ತು.

ಈಗ ಕೆರೆ ಪುಸ್ತಕಕ್ಕೆ ಬರೋಣ. ಎಕ್ಸ್‌ಪಿಗೆ ಅಂತರ್ಜಾಲ ಕೊಡಲಿಲ್ಲ. 2014ರ ಏಪ್ರಿಲಿನಲ್ಲಿ ಅದಕ್ಕೆ ಮೈಕ್ರೋಸಾಫ್ಟಿನ ಆಸರೆ ನಿಂತುಹೋಗಿದೆ, ಬಿಟ್ಟರೆ ಹಾಳಾಗುವುದು ಖಂಡಿತ. ಸೀಡಿಯಲ್ಲಿದ್ದುದನ್ನೆಲ್ಲ ಒಂದು ಡಿಸ್ಕ್ ಇಮೇಜಿಗೆ ತುಂಬಿ ಒಳಗೆ ಸಾಗಿಸಿದೆ. ಅಭ್ಯಾಸಬಲದಿಂದ ಮೊದಲು ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಚೌಕಕ್ಕೆ ಗುರುತು ಹಾಕಿದೆ. ಸೀಡಿ ಕೇಳಿತು! ಯುನಿಕೋಡ್ ಕನ್ನಡ ಮೂಡಲಿ ಎಂದು ಈ ಚೌಕ ಒತ್ತಿ, ಎಕ್ಸ್‌ಪಿ ಸೀಡಿಗಾಗಿ ಅಕ್ಕಪಕ್ಕದವರನ್ನು ಪೀಡಿಸಿದ್ದು ನಿಮಗೆ ನೆನಪಿದೆಯೋ? ತುಂಗಾ ಫಾಂಟಿನಲ್ಲಿ ಮೊದಲ ಸಲ 'ಅ' ಕಂಡ ದಿನ?

ಆದರೆ ಚಿಕ್ಕಪ್ಪನದು ಯುನಿಕೋಡ್ ಕನ್ನಡವಲ್ಲ. ಪೇಜ್‌ಮೇಕರ್ ತೆರೆದುಕೊಂಡಿತು, 'ಈ ಫಾಂಟ್ ಇಲ್ಲ, ಇದರ ಬದಲು ಇನ್ನೊಂದು ಹಾಕಲೇ' ಎಂದು ಒಂದು ಉದ್ದ ಪಟ್ಟಿ ಹಿಡಿಯಿತು. ಹೂಂ ಎಂದರೆ ಪುಟದ ತುಂಬ ಕೊಂಬು ಟೋಪಿ ಹೊತ್ತ ರೋಮನ್ ಅಕ್ಷರಗಳು. ಆ ಕಾಲದ ಡಿಟಿಪಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಣುಕುಗಳು ಕೂತಿರುತ್ತಿದ್ದವು. ಫಾಂಟ್ ಹೋದರೆ ಕನ್ನಡವೇ ಹೋಯಿತು. ಮೂರು ಪದರದ ಗಣಕವನ್ನು ಎಬ್ಬಿಸಿ ಕೂರಿಸಿದ್ದು ಇದಕ್ಕಾ ಎನಿಸಿ ಆ ರಾತ್ರಿ ಮಲಗಿಬಿಟ್ಟೆ.

ಮರುದಿನ ಫ್ಲಾಪಿಗಳ ನೆನಪಾಯಿತು. ಪೇಟೆಯಲ್ಲಿ ಯುಎಸ್‌ಬಿ ಫ್ಲಾಪಿ ಡ್ರೈವ್ ಹುಡುಕಿ ತಂದದ್ದೇ ಇನ್ನೊಂದು ಕಥೆ, ಬಿಡಿ. ಏಳು ಫ್ಲಾಪಿಗಳಲ್ಲಿ ನಾಲ್ಕು ಓದಲಿಲ್ಲ. ಐದನೆಯದರಲ್ಲಿ ಆ ಫಾಂಟ್ ಕಡತಗಳಿದ್ದವು. ಒಳಗೆ ಹಾಕಿ ಮತ್ತೆ ತೆರೆದೆ. 'ಕೆರೆಗಳು' ಎಂಬ ದಪ್ಪಕ್ಷರದ ಶೀರ್ಷಿಕೆ, ಕೆಳಗೆ ಅವರ ಹೆಸರು. ತೊಂಬತ್ತಾರು ಪುಟ. ಚಿಕ್ಕಮ್ಮನನ್ನು ಕರೆದೆ. ಅವರು ಕನ್ನಡಕ ಒರೆಸಿಕೊಂಡು ಸುಮಾರು ಹೊತ್ತು ನೋಡಿ, "ಹನ್ನೆರಡನೇ ಪುಟದಲ್ಲಿ ನಮ್ಮ ತವರಿನ ಕೆರೆ ಹೆಸರು ತಪ್ಪಾಗಿದೆ. ಆಗಲೇ ಹೇಳಿದ್ದೆ, ತಿದ್ದಲೇ ಇಲ್ಲ" ಎಂದರು.

ತಿದ್ದೋಣವೆಂದು ಹೋದರೆ ಆಗಲಿಲ್ಲ. ಆ ಫಾಂಟಿನಲ್ಲಿ ಕನ್ನಡ ಓದಲು ಫಾಂಟ್ ಕಡತ ಸಾಕು. ಬರೆಯಲು ಅದರ ಕೀಲಿಮಣೆ ತಂತ್ರಾಂಶ ಬೇಕು, ಅದಕ್ಕೆ ಗಣಕದ ಹಿಂದೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಒಂದು ಡಾಂಗಲ್ ಬೇಕು. ಅಸಲಿ ಮಾಲು ಕೊಂಡವರಿಗೆ ಕೊಡುತ್ತಿದ್ದ ಬೆರಳುದ್ದದ ಬೀಗದಕೈ ಅದು. ಚಿಕ್ಕಪ್ಪ ಪ್ರಾಮಾಣಿಕವಾಗಿ ಕೊಂಡಿದ್ದರು. ಎಂಟು ಸಾಲಿನ ಚೀಟಿಯಲ್ಲಿ ಡಿಸ್ಕ್, ಮೆಮೊರಿ, ಪರದೆ, ಇಡೀ ಗಣಕವನ್ನೇ ಬರೆದಿಡಬಹುದು. ಆ ಡಾಂಗಲನ್ನು ಬರೆಯಲು ಬರುವುದಿಲ್ಲ. ಅಟ್ಟದಲ್ಲಿ ಅದು ಸಿಗಲಿಲ್ಲ. ಗುಜರಿಗೆ ಹೋದ ಗಣಕದ ಬೆನ್ನಿಗೇ ಅಂಟಿಕೊಂಡು ಹೋಗಿರಬೇಕು.

ಸದ್ಯಕ್ಕೆ ಪುಸ್ತಕವನ್ನು ಪೋಸ್ಟ್‌ಸ್ಕ್ರಿಪ್ಟ್ ಕಡತಕ್ಕೆ ಮುದ್ರಿಸಿ, ಹೊರಗೆ ತಂದು, ಲಿನಕ್ಸಿನಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಬಳಸಿ ಪಿಡಿಎಫ್ ಮಾಡಿಟ್ಟಿದ್ದೇನೆ. ಪಠ್ಯವನ್ನು ಯುನಿಕೋಡಿಗೆ ತಿರುಗಿಸುವ ಕೆಲಸ ನಡೆದಿದೆ. ಒತ್ತಕ್ಷರಗಳು ಸುಮಾರಾಗಿ ಬರುತ್ತಿವೆ, ಅರ್ಕಾವತ್ತು ಬಂದ ಕಡೆಯೆಲ್ಲ ಎಡವುತ್ತಿದೆ. ಮೂವತ್ತೊಂದನೇ ಪುಟದವರೆಗೆ ಕೈಯಲ್ಲಿ ಸರಿಮಾಡಿದ್ದೇನೆ, ಹನ್ನೆರಡನೇ ಪುಟವನ್ನು ಮೊದಲು. ನಿಮ್ಮಲ್ಲಿ ಯಾರಾದರೂ ಹಳೇ ಡಿಟಿಪಿ ಫಾಂಟುಗಳಿಂದ ಯುನಿಕೋಡಿಗೆ ಹೋಗುವಾಗ ಅರ್ಕಾವತ್ತಿಗೆ ದಾರಿ ಕಂಡುಕೊಂಡಿದ್ದರೆ ದಯವಿಟ್ಟು ತಿಳಿಸಿ. ಇನ್ನೂ ಅರವತ್ತೈದು ಪುಟ ಬಾಕಿ ಇದೆ.